ಉಪಗ್ರಹದ ನಾಡಿ ಹಿಡಿಯೋ ಎಐ: ಏನಿದು, ಎಷ್ಟು ನಂಬಬಹುದು?

ಕಕ್ಷೆಗೆ ಸೇರಿದ ಉಪಗ್ರಹ ಕೆಟ್ಟರೆ ಮೆಕ್ಯಾನಿಕ್ ಕಳಿಸೋಕೆ ಆಗಲ್ಲ. ಅದರ ಆರೋಗ್ಯ ತಿಳಿಯಲು ನಮಗಿರುವ ಮುಖ್ಯ ದಾರಿ ಟೆಲಿಮೆಟ್ರಿ. ಬ್ಯಾಟರಿಯ ವೋಲ್ಟೇಜ್, ಇಂಧನ ಟ್ಯಾಂಕಿನ ಒತ್ತಡ, ಉಪಕರಣಗಳ ತಾಪಮಾನ, ರಿಯಾಕ್ಷನ್ ವೀಲ್‌ಗಳ ವೇಗ ಎಲ್ಲವೂ ಅಂಕಿಗಳಾಗಿ ಭೂಮಿಗೆ ಬರುತ್ತವೆ. ಇಸ್ರೊದ ಭೂಸ್ಥಿರ ಉಪಗ್ರಹಗಳ ಮೇಲೆ ಹೀಗೆ ಕಣ್ಣಿಡುವ ಕೇಂದ್ರ ನಮ್ಮ ಹಾಸನದಲ್ಲೇ ಇದೆ: ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ.

ಹಳೇ ವಿಧಾನ ಎಲ್ಲಿ ಸೋಲುತ್ತೆ?

ಪ್ರತಿ ಅಂಕಿಗೂ ಮೇಲಿನದೊಂದು, ಕೆಳಗಿನದೊಂದು ಮಿತಿ ಹಾಕುವುದು ಹಳೇ ಪದ್ಧತಿ. ಮಿತಿ ದಾಟಿದರೆ ಅಲಾರಂ. ಸರಳ, ನಂಬಿಕಸ್ಥ. ಆದರೆ ಕೆಲವು ದೋಷಗಳು ಮಿತಿಯೊಳಗೇ ಅಡಗಿರುತ್ತವೆ.

ಒಂದು ಉದಾಹರಣೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಸುಮಾರು 45 ದಿನ ಭೂಸ್ಥಿರ ಉಪಗ್ರಹಗಳು ದಿನಕ್ಕೊಮ್ಮೆ ಭೂಮಿಯ ನೆರಳಿಗೆ ಬರುತ್ತವೆ, ಗರಿಷ್ಠ 72 ನಿಮಿಷದವರೆಗೆ. ಆಗ ಸೌರಫಲಕ ಕೆಲಸ ಮಾಡಲ್ಲ, ಬ್ಯಾಟರಿ ಖಾಲಿಯಾಗ್ತಾ ಹೋಗುತ್ತೆ. ಅದು ಸಹಜ. ಅದೇ ಪ್ರಮಾಣದ ಇಳಿಕೆ ಜೂನ್ ತಿಂಗಳ ಸುಡುಬಿಸಿಲಲ್ಲಿ ಕಂಡರೆ? ಅಂಕಿ ಅದೇ, ಅರ್ಥ ಬೇರೆ. ಇದನ್ನು ಸಾಂದರ್ಭಿಕ ಅಸಹಜತೆ ಅಂತಾರೆ.

ಎಐ ಏನು ಮಾಡುತ್ತೆ?

ಉಪಗ್ರಹ ಕೆಡೋದು ಅಪರೂಪ. ಹಾಗಾಗಿ ಯಂತ್ರಕ್ಕೆ ಕಲಿಸಲು ದೋಷದ ಉದಾಹರಣೆಗಳು ಸಾಕಷ್ಟು ಸಿಗಲ್ಲ. ಇದಕ್ಕೊಂದು ಉಪಾಯ: ಸಹಜ ನಡವಳಿಕೆಯನ್ನೇ ಕಲಿಸುವುದು. ಮಾದರಿ ಮುಂದಿನ ಅಂಕಿ ಎಷ್ಟಿರಬೇಕು ಅಂತ ಊಹಿಸುತ್ತೆ. ಊಹೆಗೂ ವಾಸ್ತವಕ್ಕೂ ಅಂತರ ಹೆಚ್ಚಾದರೆ ಎಂಜಿನಿಯರ್‌ಗೆ ಸುದ್ದಿ ಮುಟ್ಟಿಸುತ್ತೆ.

ನಾಸಾದ ಜೆಪಿಎಲ್ ತಂಡ 2018ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಮೈಲಿಗಲ್ಲು. ಎಸ್‌ಎಂಎಪಿ ಉಪಗ್ರಹ ಮತ್ತು ಮಂಗಳನ ಮೇಲಿರುವ ಕ್ಯೂರಿಯಾಸಿಟಿ ರೋವರ್‌ನ 82 ಚಾನೆಲ್‌ಗಳ ಟೆಲಿಮೆಟ್ರಿ, ಅದರಲ್ಲಿ ತಜ್ಞರು ಗುರುತಿಸಿದ 105 ಅಸಹಜತೆಗಳು. ಅವುಗಳಲ್ಲಿ 43 ಸಾಂದರ್ಭಿಕ, ಅಂದ್ರೆ ಮಿತಿ ಹಾಕುವ ಪದ್ಧತಿಯ ಕಣ್ತಪ್ಪಿಸಬಲ್ಲಂಥವು. ತಂಡ ದತ್ತಾಂಶವನ್ನೂ ಕೋಡನ್ನೂ ಸಾರ್ವಜನಿಕವಾಗಿ ಬಿಟ್ಟಿತು.

ಹಾಗಾದ್ರೆ ಸಮಸ್ಯೆ ಮುಗೀತಾ?

ಇಲ್ಲ. ಮೊದಲನೆಯದು, ಸುಳ್ಳು ಅಲಾರಂ. ಪದೇ ಪದೇ ಸುಮ್ಮನೆ ಕೂಗುವ ವ್ಯವಸ್ಥೆಯನ್ನು ಯಾರೂ ಲೆಕ್ಕಕ್ಕಿಡಲ್ಲ. ನಿಜವಾದ ಕೂಗೂ ಆ ಗದ್ದಲದಲ್ಲಿ ಕಳೆದುಹೋಗುತ್ತೆ. ಎರಡನೆಯದು, ‘ಏನೋ ಸರಿಯಿಲ್ಲ’ ಅನ್ನೋದು ರೋಗನಿರ್ಣಯವಲ್ಲ. ಕಾರಣ ಹುಡುಕಿ, ಯಾವ ಆದೇಶ ಕಳಿಸಬೇಕು ಅಂತ ತೀರ್ಮಾನಿಸೋದು ಈಗಲೂ ಮನುಷ್ಯರ ಹೊಣೆ. ಮೂರನೆಯದು, ಅಂಕಿಗಳೇ ಬರದಿದ್ದರೆ ಎಐ ನೋಡೋದೇನನ್ನು? 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ, ಕಕ್ಷೆ ಎತ್ತರಿಸುವ ಎರಡನೇ ಹಂತದ ನಂತರ ಸಂಪರ್ಕ ಕಡಿದುಕೊಂಡಿತ್ತು.

ನಾಲ್ಕನೆಯದು ನನ್ನ ಮಟ್ಟಿಗೆ ಮುಖ್ಯವಾದದ್ದು. ಸಂಶೋಧಕರಾದ ರೆಂಜಿ ವು ಮತ್ತು ಏಮನ್ ಕಿಯೋ, ಅಸಹಜತೆ ಪತ್ತೆಯ ಜನಪ್ರಿಯ ಪರೀಕ್ಷಾ ದತ್ತಾಂಶಗಳಲ್ಲೇ ದೋಷವಿದೆ ಅಂತ ತೋರಿಸಿದರು. ನಾಸಾದ ದತ್ತಾಂಶವೂ ಆ ಪಟ್ಟಿಯಲ್ಲಿತ್ತು. ಕೆಲವು ಅಸಹಜತೆಗಳು ಒಂದು ಸಾಲಿನ ಕೋಡಿಗೂ ಸಿಕ್ಕಿಬೀಳುವಷ್ಟು ಸುಲಭ, ಕೆಲವಕ್ಕೆ ಹಾಕಿದ ಗುರುತೇ ತಪ್ಪು. ಅಂದ್ರೆ ಪ್ರಶ್ನೆಪತ್ರಿಕೆಯೇ ಸರಿಯಿಲ್ಲದಿದ್ದಾಗ ರ‍್ಯಾಂಕಿಗೆ ಅರ್ಥವಿಲ್ಲ.

ಆದರೆ ಈ ತಪ್ಪು ಬಯಲಾಗಿದ್ದು ಹೇಗೆ ಗೊತ್ತಾ? ದತ್ತಾಂಶ ಎಲ್ಲರ ಕೈಗೂ ಸಿಕ್ಕಿದ್ದರಿಂದ. 2024ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎ ಕೂಡ ತನ್ನ ಮೂರು ಯೋಜನೆಗಳ ಟೆಲಿಮೆಟ್ರಿಯನ್ನು ಗುರುತುಗಳ ಸಮೇತ ಹೊರಗಿಟ್ಟಿತು.

ಚಂದ್ರಯಾನದ ವೈಜ್ಞಾನಿಕ ದತ್ತಾಂಶವನ್ನು ಇಸ್ರೊ ‘ಪ್ರದಾನ್’ ಪೋರ್ಟಲ್‌ನಲ್ಲಿ ಈಗಾಗಲೇ ಕೊಡ್ತಿದೆ. ಅದೇ ರೀತಿ ನಿವೃತ್ತ ನಾಗರಿಕ ಉಪಗ್ರಹಗಳ ಆರೋಗ್ಯದ ಅಂಕಿಗಳನ್ನೂ, ಭದ್ರತೆಗೆ ಸಂಬಂಧಿಸಿದ್ದನ್ನು ತೆಗೆದು, ಯಾಕೆ ಕೊಡಬಾರದು? ಚಂಡಮಾರುತದ ಮುನ್ಸೂಚನೆ ನಿಂತಿರೋದು ಉಪಗ್ರಹಗಳ ಮೇಲೆ. ಅವುಗಳನ್ನು ಕಾಯುವ ಎಐ ಎಷ್ಟು ಗಟ್ಟಿ ಅಂತ ಅದನ್ನು ತಯಾರಿಸಿದವರೇ ಹೇಳಿದರೆ ಸಾಲದು. ಹಾಸನದ ಎಂಜಿನಿಯರಿಂಗ್ ಕಾಲೇಜಿನ ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಪರೀಕ್ಷಿಸುವಂತಿರಬೇಕು. ದುಡ್ಡು ಅವಳ ಮನೆಯವರದ್ದೂ ತಾನೇ?