ಕಲ್ಯಾಣದ ಹೆಬ್ಬಾಗಿಲು

ಕಲ್ಯಾಣ ಜಂಕ್ಷನ್ನಿನಲ್ಲಿ ರೈಲು ಹಳಿಗಳು ಎರಡು ಕವಲಾಗುತ್ತವೆ. ಒಂದು ಕಸಾರಾ ಘಟ್ಟವನ್ನು ಹತ್ತಿ ಉತ್ತರಕ್ಕೆ ಹೋದರೆ ಇನ್ನೊಂದು ಕರ್ಜತ್ ದಾಟಿ, ಪುಣೆಯ ಮೂಲಕ ನಮ್ಮ ನಾಡಿನ ಕಡೆಗೆ ಸಾಗುತ್ತದೆ. ಥಾಣೆ, ಡೊಂಬಿವಲಿಗಳಲ್ಲಿ ನೆಲೆಸಿರುವ ನಮಗೆ ಅದು ದಿನನಿತ್ಯದ ನೂಕುನುಗ್ಗಲಿನ ನಿಲ್ದಾಣ; ಊರಿಗೆ ಹೊರಟ ದಿನ ಮಾತ್ರ ಹೆಬ್ಬಾಗಿಲು. ಪ್ಲೇಗಿನ ಕಾಲದಲ್ಲಿ ಇದೇ ಬಾಗಿಲಲ್ಲಿ ಮುಂಬಯಿಯಿಂದ ಬಂದ ಪ್ರಯಾಣಿಕರನ್ನು ತಡೆದು, ಮೈ ಬಿಸಿಯಾಗಿದೆಯೇ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗೆಡ್ಡೆ ಎದ್ದಿದೆಯೇ ಎಂದು ಪರೀಕ್ಷಿಸುತ್ತಿದ್ದರು. 2020ರ ಮಾರ್ಚ್ ತಿಂಗಳಿನವರೆಗೆ ಇದು ನಮಗೆ ಪುಸ್ತಕದ ಸಂಗತಿಯಾಗಿತ್ತು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದ ರೋಗಿಯೊಬ್ಬರನ್ನು ನೋಡಿದ ಡಾ. ಅಕಾಸಿಯೊ ವೇಗಸ್ ಅದು ಪ್ಲೇಗೆಂದು ಗುರುತಿಸಿದರು. ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲು ಆಡಳಿತಕ್ಕೆ ಮನಸ್ಸಿರಲಿಲ್ಲ. ಹೆಸರು ಹೊರಬಿದ್ದರೆ ಬಂದರಿನ ವ್ಯಾಪಾರ ನಿಲ್ಲುವ ಭಯ. ಹಾಗೆ ಅಳೆದೂ ಸುರಿದೂ ಕಳೆದ ದಿನಗಳ ಬೆನ್ನಿಗೇ ಅದಕ್ಕೆ ತೀರ ವಿರುದ್ಧವಾದ ಅವಸರ ಬಂದಿತು. ಅಕ್ಟೋಬರ್ 6ರಂದು ಮುನಿಸಿಪಲ್ ಕಮಿಷನರ್ ಪಿ. ಸಿ. ಎಚ್. ಸ್ನೋ ಹೊರಡಿಸಿದ ಪ್ರಕಟಣೆಯ ಪ್ರಕಾರ ಅಧಿಕಾರಿಗಳು ಮನೆಗಳನ್ನು ಹೊಕ್ಕು ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಒಯ್ಯಬಹುದಾಗಿತ್ತು. ಪರಿಣಾಮವಾಗಿ ಜನ ರೋಗಿಗಳನ್ನು ಬಚ್ಚಿಟ್ಟರು. ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಯಾರೋ ಡಾಂಬರು ಬಳಿದಿದ್ದ ಸಮಯವದು. ಆ ಅವಮಾನಕ್ಕೆ ಪ್ರತಿಯಾಗಿ ರಾಣಿ ಪ್ರಜೆಗಳ ಪ್ರಾಣವನ್ನೇ ಕೇಳಿದ್ದಾಳೆ, ಆಸ್ಪತ್ರೆಯಿಂದ ಯಾರೂ ಜೀವಸಹಿತ ಮರಳುವುದಿಲ್ಲ ಎಂಬ ಗಾಳಿಸುದ್ದಿ ಹಬ್ಬಿತು. ತಿಂಗಳ ಕೊನೆಯಲ್ಲಿ ಗಿರಣಿ ಕಾರ್ಮಿಕರ ಗುಂಪು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿತು. ಅಕ್ಟೋಬರ್ 30ಕ್ಕೆ ಆದೇಶವನ್ನು ಸಡಿಲಿಸಬೇಕಾಯಿತು.

ಸಡಿಲಿಸುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಝಾಡಮಾಲಿಗಳೂ ಮಲ ಹೊರುವವರೂ ಊರು ಬಿಟ್ಟರೆ ನಗರದ ಗತಿಯೇನು ಎಂಬುದು ಸ್ನೋ ಅವರ ದೊಡ್ಡ ಚಿಂತೆಯಾಗಿತ್ತು. ಅಷ್ಟು ದೊಡ್ಡ ಬಂದರು ನಗರದ ಸಿದ್ಧತೆಯೆಲ್ಲ ಕೊನೆಗೆ ನಿಂತಿದ್ದು ಯಾರೂ ಮುಟ್ಟದ ಜನರ ಕೈಗಳ ಮೇಲೆ!

ಉಳಿದವರು ಹೊರಟೇಬಿಟ್ಟರು. 1891ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ್ದ ನಗರ 1897ರ ಆರಂಭಕ್ಕೆ ಹೆಚ್ಚುಕಡಿಮೆ ಅರ್ಧ ಬರಿದಾಗಿತ್ತು. ಆ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದಿತು. ಪುಣೆಯಲ್ಲಿ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದರು. ಜನರ ರೋಷ ಮಡುಗಟ್ಟಿತು. ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದ. ಅದೇ ಪುಣೆಯಲ್ಲಿ, ಮಾರ್ಚ್ 10ರಂದು, ರೋಗಿಗಳ ಸೇವೆ ಮಾಡುತ್ತಲೇ ಸೋಂಕು ತಗಲಿ ಸಾವಿತ್ರಿಬಾಯಿ ಫುಲೆ ತೀರಿಕೊಂಡಿದ್ದರು. ಒಂದೇ ಊರು, ಒಂದೇ ರೋಗ. ಮನೆಬಾಗಿಲಿಗೆ ಬಂದ ಕೈಗಳು ಮಾತ್ರ ಬೇರೆ ಬೇರೆ.

ಪ್ಲೇಗು ರೈಲುದಾರಿಯಲ್ಲೇ ಹುಬ್ಬಳ್ಳಿಗೆ ಬಂದಿತು. 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಇಲಿ ಬಿದ್ದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುವುದನ್ನು ನಮ್ಮ ಹಿರಿಯರು ಕಲಿತರು. ಪ್ಲೇಗಮ್ಮನಿಗೆ ಗುಡಿಗಳೆದ್ದವು. ಇಕ್ಕಟ್ಟಿನ ಪೇಟೆಗಳಾಚೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಇಲಿಯ ಮೈಮೇಲಿನ ಚಿಗಟ ರೋಗವನ್ನು ಹರಡುತ್ತದೆಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ತೋರಿಸಿದ್ದು 1898ರಲ್ಲಿ. ಅದಕ್ಕೂ ಮೊದಲೇ ಇಲಿ ಬಿದ್ದ ಮನೆಯನ್ನು ತೊರೆಯಬೇಕೆಂದು ಹಳ್ಳಿಯ ಅನುಭವ ಹೇಳಿತ್ತೆಂದರೆ, ಆ ಅಂಜಿಕೆಯನ್ನು ಬರಿಯ ಅಜ್ಞಾನವೆನ್ನಲಾಗದು. ಮುಂಬಯಿಯಲ್ಲಿ ಹಾಫ್‌ಕಿನ್ ಸಿದ್ಧಪಡಿಸಿ 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ ಲಸಿಕೆಯನ್ನು, ಮರುವರ್ಷ ಹುಬ್ಬಳ್ಳಿಯ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ಹಾಕಿಸಿಕೊಂಡರು.

ಇನ್ನು ನಮ್ಮ ಕಾಲಕ್ಕೆ ಬರೋಣ. 2020ರ ಮಾರ್ಚ್ 10ರಂದು ದೇಶದ ಮೊದಲ ಕೊರೋನಾ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರದಲ್ಲಿ 1897ರ ಅದೇ ಕಾಯ್ದೆ ಜಾರಿಯಾಯಿತು. ಮುಂಬಯಿಯ ಮೊದಲ ರೋಗಿಗಳನ್ನು ಒಯ್ದದ್ದು ಕಸ್ತೂರ್ಬಾ ಆಸ್ಪತ್ರೆಗೆ, ಅಂದರೆ ಹಿಂದಿನ ಆ ಆರ್ಥರ್ ರೋಡ್ ಆಸ್ಪತ್ರೆಗೇ. ಮನೆಯಲ್ಲೇ ಪ್ರತ್ಯೇಕವಾಗಿ ಇರಬೇಕಾದವರ ಎಡಗೈಗೆ ಮುದ್ರೆ ಬಿತ್ತು. ಮಾರ್ಚ್ 22ರ ರಾತ್ರಿಯಿಂದ ಲೋಕಲ್ ರೈಲುಗಳು ನಿಂತವು. ಆ ನಿಶ್ಶಬ್ದದಲ್ಲಿ ಡೊಂಬಿವಲಿಯ ನಮ್ಮ ಮನೆಗಳಿಗೆ ಹಕ್ಕಿಗಳ ದನಿ ಕೇಳಿಸಿತೆಂದು ಅನೇಕರು ಬರೆದರು. ನಮಗೆ ನೆನಪಿರುವುದು ಸೊಸೈಟಿಯ ಗೇಟಿಗೆ ಬಿದ್ದ ಬೀಗ. ಮನೆಗೆಲಸದ ಬಾಯಿ ಬರಕೂಡದು. ಕಸ ಒಯ್ಯುವವನು ಮಾತ್ರ ತಪ್ಪದೆ ಬರಬೇಕು. ಬಂದವನಿಗೆ ನೀರು ಕೊಡಲು ನಾವು ಹಿಂಜರಿದೆವು. ಸ್ನೋ ಸಾಹೇಬರ ಲೆಕ್ಕಾಚಾರ ನಮ್ಮದೂ ಆಗಿತ್ತು.

ಮೇ ತಿಂಗಳಲ್ಲಿ ಈ ಅಂಜಿಕೆ ನಮ್ಮತ್ತಲೇ ತಿರುಗಿತು. ಅಗತ್ಯ ಸೇವೆಗಾಗಿ ಮುಂಬಯಿಗೆ ಹೋಗುವ ಕಲ್ಯಾಣ-ಡೊಂಬಿವಲಿಯ ನೌಕರರು ದಿನವೂ ಮನೆಗೆ ಮರಳಕೂಡದೆಂಬ ಆದೇಶ ಹೊರಟಿತು. ವಿರೋಧ ಎದ್ದ ಮೇಲೆ ಹಿಂದೆ ಸರಿಯಿತು. ಅದೇ ತಿಂಗಳ 18ರಂದು ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕದ ಬಾಗಿಲು ಮುಚ್ಚಿತು. ನಿಪ್ಪಾಣಿಯ ಬಳಿಯ ಕೊಗನೋಳಿ ಚೆಕ್‌ಪೋಸ್ಟು ನಮ್ಮ ಪಾಲಿಗೆ ಅಂದಿನ ಕಲ್ಯಾಣವಾಯಿತು. ‘ಮುಂಬಯಿಯವರು’ ಎಂಬ ಮಾತಿಗೆ ಊರಿನಲ್ಲಿ ಇದ್ದ ತೂಕ, ಪ್ರೀತಿ ಎಲ್ಲ ಒಂದೇ ತಿಂಗಳಲ್ಲಿ ಕರಗಿತು. ಜಾತ್ರೆಗೆ, ಶಾಲೆಯ ಕಟ್ಟಡಕ್ಕೆ ವಂತಿಗೆ ಕಳುಹಿಸಿದವರು ಅದೇ ಶಾಲೆಯ ಕೋಣೆಯಲ್ಲಿ ಹದಿನಾಲ್ಕು ದಿನ ಕಳೆದುಬಂದರು. ನೋವಾಯಿತು, ನಿಜ. ಆದರೆ ಸೊಸೈಟಿಯ ಗೇಟಿನಲ್ಲಿ ನಾವು ಮಾಡಿದ್ದೂ ಅದನ್ನೇ ಅಲ್ಲವೇ?

ಸಾಂಕ್ರಾಮಿಕದ ಮೊದಲ ವಾರಗಳಲ್ಲಿ ಭಯವಾಗುವುದು ಸಹಜ. ಅದು ಎಚ್ಚರವನ್ನೂ ಕಲಿಸುತ್ತದೆ. 1896ರ ದೋಷ ಭಯದಲ್ಲಿರಲಿಲ್ಲ. ಹೇಳಬೇಕಾದುದನ್ನು ಹೇಳದೆ, ಆಮೇಲೆ ಒಮ್ಮೆಲೇ ಬಲ ಪ್ರಯೋಗಿಸಿದ್ದರಲ್ಲಿತ್ತು. ಸರಕಾರಿ ನೌಕರಿಯಲ್ಲಿದ್ದು ಸುತ್ತೋಲೆಗಳನ್ನು ಓದಿ ಬಲ್ಲ ನಮಗೆ ಗೊತ್ತಿರುವ ಮಾತಿದು: ಸುತ್ತೋಲೆ ಗೇಟಿನ ತನಕ ಮಾತ್ರ ಬರುತ್ತದೆ. ಅಲ್ಲಿಂದ ಒಳಗೆ ನಂಬಿಕೆಯೇ ನಡೆಯಬೇಕು. ಜ್ವರ ಬಂದಿದೆಯೆಂದು ಪಕ್ಕದ ಮನೆಯವರಿಗೆ ಅಂಜದೆ ಹೇಳಬಹುದಾದ ಕಟ್ಟಡವೇ ಸಿದ್ಧವಾಗಿರುವ ಕಟ್ಟಡ.

ಈಗ ಲೋಕಲುಗಳು ಹಿಂದಿನಂತೆಯೇ ತುಂಬಿ ಓಡುತ್ತಿವೆ. ಕಲ್ಯಾಣದಲ್ಲಿ ಯಾರೂ ನಮ್ಮನ್ನು ತಡೆಯುವುದಿಲ್ಲ. ಆದರೂ ಊರಿಗೆ ಹೊರಟ ದಿನ ಗಾಡಿ ಅಲ್ಲಿ ನಿಧಾನಿಸಿದರೆ, ಗೇಟಿನಾಚೆ ನಿಂತು ನೀರು ಕೇಳದೆಯೇ ಹೋದ ಆ ಕಸದ ಗಾಡಿಯವನು ನೆನಪಾಗುತ್ತಾನೆ.