ಲಿನಕ್ಸ್ ಸರ್ವರಿನಲ್ಲಿ ಇ-ಅಂಚೆ ವಿತರಣೆ

ಇ-ಅಂಚೆ ವಿತರಣೆ ಎಂಬುದು ಸರ್ವರಿಗೆ ಬಂದು ತಲುಪಿದ ಪತ್ರವನ್ನು ವಿಳಾಸದಾರನ ಅಂಚೆಪೆಟ್ಟಿಗೆಗೆ ಸೇರಿಸುವ ಕೊನೆಯ ಹಂತ. ಲಿನಕ್ಸ್ ಗಣಕವೊಂದನ್ನು ಮನೆಯಲ್ಲಿಟ್ಟುಕೊಂಡು ತಮ್ಮ ಅಂಚೆಯನ್ನು ತಾವೇ ನಿರ್ವಹಿಸುವವರು ಈ ಹಂತವನ್ನು ಸ್ವತಃ ಹೊಂದಿಸಬೇಕಾಗುತ್ತದೆ. ಪತ್ರವನ್ನು ಸ್ವೀಕರಿಸಿದ ಸರ್ವರೇ ಅದರ ಹೊಣೆಯನ್ನು ಹೊರುವುದರಿಂದ, ಇಲ್ಲಿ ಆಗುವ ಸಣ್ಣ ತಪ್ಪಿನಿಂದಲೂ ಪತ್ರ ಕಳೆದುಹೋಗಬಹುದು.

ಕಾರ್ಯ ವಿಭಜನೆ

ಅಂಚೆಯ ಕೆಲಸವನ್ನು ಸಾಮಾನ್ಯವಾಗಿ ಮೂರು ಬಗೆಯ ತಂತ್ರಾಂಶಗಳು ಹಂಚಿಕೊಳ್ಳುತ್ತವೆ. ವರ್ಗಾವಣೆ ತಂತ್ರಾಂಶವು ಪತ್ರವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಎರಿಕ್ ಆಲ್ಮನ್ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದ ಸೆಂಡ್‌ಮೇಲ್ ಮತ್ತು ವೀಟ್ಸ ವೆನೆಮಾ ಅವರು ಐಬಿಎಂ ಸಂಸ್ಥೆಯಲ್ಲಿ ರಚಿಸಿ 1998ರಲ್ಲಿ ಬಿಡುಗಡೆಯಾದ ಪೋಸ್ಟ್‌ಫಿಕ್ಸ್ ಈ ವರ್ಗದವು. ವಿತರಣಾ ತಂತ್ರಾಂಶವು ಪತ್ರವನ್ನು ಬಳಕೆದಾರನ ಪೆಟ್ಟಿಗೆಗೆ ಹಾಕುತ್ತದೆ. ಪ್ರೊಕ್‌ಮೇಲ್ ಇದಕ್ಕೆ ಹಳೆಯ ಉದಾಹರಣೆ. ಪೋಸ್ಟ್‌ಫಿಕ್ಸ್ ತನ್ನದೇ ಆದ ವಿತರಣಾ ಘಟಕವನ್ನೂ ಹೊಂದಿದೆ. ಮೂರನೆಯದಾದ ಐಮ್ಯಾಪ್ ಸರ್ವರ್, ಪೆಟ್ಟಿಗೆಯಲ್ಲಿರುವ ಪತ್ರಗಳನ್ನು ಬಳಕೆದಾರನಿಗೆ ಓದಲು ಒದಗಿಸುತ್ತದೆ. ಟಿಮೊ ಸಿರೈನೆನ್ ಅವರ ಡವ್‌ಕಾಟ್ ಇಂತಹ ಸರ್ವರುಗಳಲ್ಲಿ ಒಂದು.

ಹೊಣೆಯ ನಿಯಮ

ಸರ್ವರುಗಳ ನಡುವಣ ವ್ಯವಹಾರವು ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಅನುಸರಿಸುತ್ತದೆ. ಜಾನ್ ಪೋಸ್ಟೆಲ್ ಅವರು ಇದನ್ನು 1982ರಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ ವಿವರಿಸಿದರು. ಪತ್ರ ಪೂರ್ತಿಯಾಗಿ ಬಂದ ಮೇಲೆ ಸ್ವೀಕರಿಸುವ ಸರ್ವರ್ 250 ಎಂದು ಉತ್ತರಿಸಿದರೆ, ಆ ಕ್ಷಣದಿಂದ ಪತ್ರದ ಹೊಣೆ ಅದರದೇ ಆಗುತ್ತದೆ. 4ರಿಂದ ಆರಂಭವಾಗುವ ಉತ್ತರವು ತಾತ್ಕಾಲಿಕ ಅಡಚಣೆಯನ್ನು ಸೂಚಿಸುತ್ತದೆ. ಆಗ ಕಳುಹಿಸುವ ಸರ್ವರ್ ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲಿ ಈ ಅವಧಿ ಸಾಮಾನ್ಯವಾಗಿ 5 ದಿನ. 5ರಿಂದ ಆರಂಭವಾಗುವ ಉತ್ತರವು ಶಾಶ್ವತ ನಿರಾಕರಣೆ. ಈ ಮರುಪ್ರಯತ್ನದ ವ್ಯವಸ್ಥೆಯಿಂದಾಗಿ, ಮನೆಯಲ್ಲಿ ಕೆಲವು ಗಂಟೆ ವಿದ್ಯುತ್ ಇಲ್ಲದಿದ್ದರೂ ಪತ್ರಗಳು ಸಾಮಾನ್ಯವಾಗಿ ತಡವಾಗಿಯಾದರೂ ಬಂದು ಸೇರುತ್ತವೆ.

ಅಂಚೆಪೆಟ್ಟಿಗೆಯ ಸ್ವರೂಪಗಳು

ಎಂಬಾಕ್ಸ್ ಸ್ವರೂಪದಲ್ಲಿ ಎಲ್ಲ ಪತ್ರಗಳೂ ಒಂದೇ ಕಡತದಲ್ಲಿ ಒಂದರ ಕೆಳಗೊಂದು ಸೇರುತ್ತವೆ. ಎರಡು ತಂತ್ರಾಂಶಗಳು ಒಮ್ಮೆಗೇ ಬರೆದರೆ ಕಡತ ಕೆಡುವುದರಿಂದ ಬೀಗ ಹಾಕುವ ವ್ಯವಸ್ಥೆ ಅಗತ್ಯ. ಡೇನಿಯಲ್ ಬರ್ನ್‌ಸ್ಟೈನ್ ಅವರು ಕ್ಯೂಮೇಲ್ ತಂತ್ರಾಂಶಕ್ಕಾಗಿ ರೂಪಿಸಿದ ಮೇಲ್‌ಡಿರ್ ಸ್ವರೂಪದಲ್ಲಿ ಪ್ರತಿಯೊಂದು ಪತ್ರವೂ ಪ್ರತ್ಯೇಕ ಕಡತ. ಇದರಲ್ಲಿ ಟಿಎಂಪಿ, ನ್ಯೂ, ಕರ್ ಎಂಬ ಮೂರು ಕಡತಕೋಶಗಳಿವೆ. ಪತ್ರವನ್ನು ಮೊದಲು ಟಿಎಂಪಿಯಲ್ಲಿ ಪೂರ್ತಿಯಾಗಿ ಬರೆದು, ಅನಂತರ ನ್ಯೂಗೆ ಸಾಗಿಸಲಾಗುತ್ತದೆ. ಹಾಗಾಗಿ ಅರ್ಧ ಬರೆದ ಪತ್ರ ಓದುಗನ ಕಣ್ಣಿಗೆ ಬೀಳುವುದಿಲ್ಲ.

ವಿತರಣಾ ತಂತ್ರಾಂಶವೂ ಐಮ್ಯಾಪ್ ಸರ್ವರೂ ಒಂದೇ ಸ್ವರೂಪವನ್ನು, ಒಂದೇ ಸ್ಥಳವನ್ನು ಬಳಸುವಂತೆ ಹೊಂದಿಸಿರಬೇಕು. ಒಂದು ಎಂಬಾಕ್ಸ್‌ಗೆ ಬರೆದು ಇನ್ನೊಂದು ಮೇಲ್‌ಡಿರ್‌ನಲ್ಲಿ ಹುಡುಕಿದರೆ, ದಿನಚರಿ ಕಡತದಲ್ಲಿ ಪತ್ರ ತಲುಪಿತೆಂದು ದಾಖಲಾಗಿದ್ದರೂ ಬಳಕೆದಾರನಿಗೆ ಪೆಟ್ಟಿಗೆ ಬರಿದಾಗಿ ಕಾಣುತ್ತದೆ.

ಮನೆಯ ಸರ್ವರಿನ ಇತಿಮಿತಿಗಳು

ಸರ್ವರುಗಳು ಪರಸ್ಪರ ಪತ್ರ ಸಾಗಿಸಲು ಬಳಸುವ 25ನೆಯ ಪೋರ್ಟನ್ನು ಅನೇಕ ಅಂತರಜಾಲ ಸೇವಾದಾರರು ಗೃಹ ಸಂಪರ್ಕಗಳಿಗೆ ಮುಚ್ಚಿರುತ್ತಾರೆ. ಮನೆಯ ಐಪಿ ವಿಳಾಸವೂ ಆಗಾಗ ಬದಲಾಗಬಹುದು. ಅಂತಹ ವಿಳಾಸದಿಂದ ನೇರವಾಗಿ ಹೊರಡುವ ಪತ್ರಗಳನ್ನು ದೊಡ್ಡ ಸರ್ವರುಗಳು ಅನುಪಯುಕ್ತ ಅಂಚೆಯೆಂದು ತಿರಸ್ಕರಿಸುವುದುಂಟು. ಆದ್ದರಿಂದ ಹೊರಹೋಗುವ ಪತ್ರಗಳನ್ನು ಸೇವಾದಾರರ ಸರ್ವರಿನ ಮೂಲಕ ಕಳುಹಿಸುವುದು ರೂಢಿ.

ಒಳಬರುವ ಪತ್ರಗಳನ್ನು ಹೊರಗಿನ ಖಾತೆಯಿಂದ ತಂದುಕೊಡಲು ಫೆಚ್‌ಮೇಲ್‌ನಂತಹ ತಂತ್ರಾಂಶವಿದೆ. ಎರಿಕ್ ರೇಮಂಡ್ ಅವರು 1997ರ ತಮ್ಮ ‘ದ ಕ್ಯಾಥೀಡ್ರಲ್ ಅಂಡ್ ದ ಬಜಾರ್’ ಪ್ರಬಂಧದಲ್ಲಿ ಇದರ ಬೆಳವಣಿಗೆಯನ್ನೇ ಉದಾಹರಣೆಯಾಗಿ ಬಳಸಿದ್ದಾರೆ. ಫೆಚ್‌ಮೇಲ್ ಪತ್ರವನ್ನು ಮನೆಯ ಸರ್ವರಿಗೆ ಒಪ್ಪಿಸಿದ ಬಳಿಕ, ಬೇರೆ ಸೂಚನೆ ಇಲ್ಲದಿದ್ದರೆ, ಮೂಲ ಖಾತೆಯಿಂದ ಅಳಿಸುತ್ತದೆ. ಮನೆಯ ಸರ್ವರಿನ ವಿತರಣೆ ಸರಿಯಿಲ್ಲದಿದ್ದರೆ ಪತ್ರ ಎರಡೂ ಕಡೆ ಇಲ್ಲವಾಗುವ ಅಪಾಯವಿದೆ. ಪರೀಕ್ಷೆ ಮುಗಿಯುವವರೆಗೆ ಮೂಲ ಪ್ರತಿಯನ್ನು ಉಳಿಸಿಕೊಳ್ಳುವ ‘ಕೀಪ್’ ಆಯ್ಕೆಯನ್ನು ಬಳಸುವುದು ಕ್ಷೇಮ.

ಸಂಯೋಜನೆ ಮತ್ತು ಪರೀಕ್ಷೆ

ಯಾವ ಡೊಮೇನ್ ಹೆಸರುಗಳ ಪತ್ರಗಳನ್ನು ತನ್ನವೆಂದು ಸ್ವೀಕರಿಸಬೇಕೆಂಬುದನ್ನು ಸರ್ವರಿಗೆ ಮೊದಲು ತಿಳಿಸಬೇಕು. ಅಪರಿಚಿತರ ಪತ್ರಗಳನ್ನು ಬೇರೆಡೆಗೆ ಸಾಗಿಸಲು ಅದು ಒಪ್ಪಬಾರದು. ಒಪ್ಪಿದರೆ ಅನುಪಯುಕ್ತ ಅಂಚೆ ಕಳುಹಿಸುವವರು ಅದನ್ನು ದುರುಪಯೋಗಪಡಿಸಿಕೊಳ್ಳುತ್ತಾರೆ. ‘ಏಲಿಯಾಸಸ್’ ಕಡತದಲ್ಲಿ ರೂಟ್ ಮತ್ತು ಪೋಸ್ಟ್‌ಮಾಸ್ಟರ್ ಹೆಸರಿಗೆ ಬರುವ ಪತ್ರಗಳನ್ನು ಸಾಮಾನ್ಯ ಬಳಕೆದಾರನೊಬ್ಬನಿಗೆ ತಿರುಗಿಸಬೇಕು. ವ್ಯವಸ್ಥೆಯ ಎಚ್ಚರಿಕೆಗಳು ಈ ಹೆಸರುಗಳಿಗೇ ಬರುವುದರಿಂದ ಅವನ್ನು ಓದುವವರೊಬ್ಬರು ಇರಬೇಕು.

ಪರೀಕ್ಷೆಯ ಅವಧಿಯಲ್ಲಿ ಪೋಸ್ಟ್‌ಫಿಕ್ಸ್‌ನ ‘ಸಾಫ್ಟ್ ಬೌನ್ಸ್’ ಆಯ್ಕೆ ಉಪಯುಕ್ತ. ಇದು ಶಾಶ್ವತ ನಿರಾಕರಣೆಗಳನ್ನು ತಾತ್ಕಾಲಿಕವಾಗಿ ಮಾರ್ಪಡಿಸುವುದರಿಂದ, ಸಂಯೋಜನೆ ತಪ್ಪಿದ್ದರೂ ಪತ್ರ ಸರದಿಯಲ್ಲಿ ಉಳಿದು ತಿದ್ದಲು ಕಾಲಾವಕಾಶ ದೊರೆಯುತ್ತದೆ. ಸ್ಥಳೀಯ ಬಳಕೆದಾರನಿಗೆ, ಹೊರಗಿನ ವಿಳಾಸಕ್ಕೆ ಮತ್ತು ಇಲ್ಲದ ಹೆಸರಿಗೆ ಒಂದೊಂದು ಪತ್ರ ಕಳುಹಿಸಿ ದಿನಚರಿ ಕಡತವನ್ನು ನೋಡಬೇಕು. ಮೊದಲಿನ ಎರಡು ಪತ್ರಗಳು ಪೆಟ್ಟಿಗೆಯಲ್ಲಿ ತೆರೆದು ಓದಲು ಸಿಕ್ಕ ಮೇಲೆಯೇ ಮೂಲ ಖಾತೆಯಿಂದ ಪತ್ರಗಳನ್ನು ಅಳಿಸಲು ಅನುಮತಿಸುವುದು ಸೂಕ್ತ.