ಹಳೆಯ ಗಣಕದ ನೆಟ್‌ವರ್ಕ್ ಕಾರ್ಡ್ ಕೈಕೊಟ್ಟಾಗ: ದೋಷ ಹುಡುಕುವ ಬಗೆ

ಡಾಸ್ ಅಥವಾ ವಿಂಡೋಸ್ 95 ಕಾಲದ ಗಣಕಯಂತ್ರವನ್ನು ಮತ್ತೆ ಚಾಲನೆಗೆ ತರಬೇಕಾದ ಪ್ರಸಂಗ ಇಂದಿಗೂ ಒದಗಿಬರುತ್ತದೆ. ಕೆಲವರಿಗೆ ಅದು ಬರೀ ಹವ್ಯಾಸ. ಉಳಿದವರಿಗೆ ಬೇಕಾಗಿರುವುದು ಅದರೊಳಗೆ ಸಿಕ್ಕಿಕೊಂಡಿರುವ ಕಡತಗಳು: ಅಂಗಡಿಯ ಲೆಕ್ಕಪತ್ರ, ಮನೆಯ ಹಿರಿಯರು ಬೆರಳಚ್ಚಿಸಿಟ್ಟ ಬರಹ, ಮುದ್ರಣಾಲಯವೊಂದರ ಹಳೆಯ ಪುಟವಿನ್ಯಾಸ. ಫ್ಲಾಪಿ ಡ್ರೈವ್ ಕೆಟ್ಟಿರುತ್ತದೆ, ಯುಎಸ್‌ಬಿ ಕಿಂಡಿಯಂತೂ ಇರುವುದೇ ಇಲ್ಲ. ಇಂತಹ ಸ್ಥಿತಿಯಲ್ಲಿ ನೆಟ್‌ವರ್ಕ್ ಕಾರ್ಡ್ ಕೆಲಸ ಮಾಡದಿದ್ದರೆ ಕಡತಗಳು ಕಣ್ಣಿಗೆ ಕಂಡರೂ ಕೈಗೆ ಎಟುಕುವುದಿಲ್ಲ.

ಮೊದಲಿಗೆ ಒಂದು ಮಾತು. ಯಂತ್ರದಲ್ಲಿರುವುದು ಐಡಿಇ ಮಾದರಿಯ ಹಾರ್ಡ್ ಡಿಸ್ಕ್ ಆಗಿದ್ದು, ಉದ್ದೇಶ ಕಡತಗಳನ್ನು ಪಡೆಯುವುದಷ್ಟೇ ಆಗಿದ್ದರೆ, ಕಾರ್ಡಿನೊಡನೆ ಗುದ್ದಾಡುವ ಅಗತ್ಯವಿಲ್ಲ. ಡಿಸ್ಕನ್ನು ಹೊರತೆಗೆದು, ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಸಾಧನದ ಮೂಲಕ ಹೊಸ ಗಣಕಕ್ಕೆ ಸಂಪರ್ಕಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಕೆಲಸವಾಗುತ್ತದೆ. ಆದರೆ 1980ರ ದಶಕದ ಎಂಎಫ್‌ಎಂ ಡಿಸ್ಕುಗಳನ್ನು ಆ ಸಾಧನಗಳು ಓದಲಾರವು. ಅಂತಹ ಯಂತ್ರಗಳಲ್ಲಿ ನೆಟ್‌ವರ್ಕ್ ಕಾರ್ಡ್ ಇಲ್ಲವೇ ಸೀರಿಯಲ್ ಪೋರ್ಟ್ ಮಾತ್ರ ಗತಿ.

ಆ ಕಾಲದ ಕಾರ್ಡುಗಳಲ್ಲಿ ಎರಡು ಮನೆತನಗಳು ಹೆಚ್ಚಾಗಿ ಸಿಗುತ್ತವೆ. ಒಂದು, ನೋವೆಲ್ ಸಂಸ್ಥೆಯ ಎನ್‌ಇ2000 ಮತ್ತು ಅದರ ಲೆಕ್ಕವಿಲ್ಲದಷ್ಟು ನಕಲುಗಳು. ಇನ್ನೊಂದು, ಈಥರ್‌ನೆಟ್ ಜನಕರಲ್ಲೊಬ್ಬರಾದ ರಾಬರ್ಟ್ ಮೆಟ್‌ಕಾಫ್ 1979ರಲ್ಲಿ ಇತರರೊಡಗೂಡಿ ಸ್ಥಾಪಿಸಿದ 3ಕಾಮ್ ಸಂಸ್ಥೆಯ ಈಥರ್‌ಲಿಂಕ್ 3, ಅಂದರೆ 3ಸಿ509. ಮುಂದಿನ ವಿವರಣೆ ಮುಖ್ಯವಾಗಿ ಇವೆರಡಕ್ಕೆ ಅನ್ವಯಿಸುತ್ತದೆ.

ಪೆಟ್ಟಿಗೆ ತೆರೆದೊಡನೆ ಮದರ್‌ಬೋರ್ಡಿನ ಬ್ಯಾಟರಿಯನ್ನು ಗಮನಿಸಬೇಕು. ಬೆಸುಗೆ ಹಾಕಿದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತವೆ. ಹಸಿರು ಕಿಲುಬು ಸ್ಲಾಟಿನವರೆಗೂ ಹಬ್ಬಿದ್ದರೆ ದೋಷ ಕಾರ್ಡಿನದ್ದಲ್ಲ. ಬಳಿಕ ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬೇರೊಂದು ಸ್ಲಾಟಿನಲ್ಲಿ ಕೂರಿಸಿ ನೋಡಬಹುದು. ಎಂಟು ಬಿಟ್‌ನ ಗಿಡ್ಡ ಸ್ಲಾಟಿನಲ್ಲಿ 7ಕ್ಕಿಂತ ಮೇಲಿನ ಐಆರ್‌ಕ್ಯೂ ತಂತಿಗಳೇ ಇರುವುದಿಲ್ಲ ಎಂಬುದು ನೆನಪಿರಲಿ.

ವಿಳಾಸ ಮತ್ತು ಐಆರ್‌ಕ್ಯೂ

ಹಳೆಯ ಯಂತ್ರಗಳ ನೆಟ್‌ವರ್ಕ್ ತೊಂದರೆಗಳ ಮೂಲ ಬಹುಮಟ್ಟಿಗೆ ಇಲ್ಲೇ ಇರುತ್ತದೆ. ಐಎಸ್‌ಎ ಸ್ಲಾಟಿನಲ್ಲಿ ಕುಳಿತ ಪ್ರತಿಯೊಂದು ಕಾರ್ಡಿಗೂ ತನ್ನದೇ ಆದ ಐ/ಒ ವಿಳಾಸ ಬೇಕು, ಪ್ರೊಸೆಸರನ್ನು ಕೂಗಿ ಕರೆಯಲು ತನ್ನದೇ ಆದ ಐಆರ್‌ಕ್ಯೂ ತಂತಿ ಬೇಕು. ಇವನ್ನು ಹಂಚಿಕೊಡುವ ಯಜಮಾನ ಆಗ ಇರಲಿಲ್ಲ. ಬಳಕೆದಾರನೇ ಜಂಪರ್ ಸರಿಸಿ ಗೊತ್ತುಮಾಡಬೇಕಿತ್ತು.

ಎನ್‌ಇ2000 ನಕಲುಗಳು ಕಾರ್ಖಾನೆಯಿಂದ ಸಾಮಾನ್ಯವಾಗಿ 300 ವಿಳಾಸ, ಐಆರ್‌ಕ್ಯೂ 3 ಎಂಬ ಹೊಂದಾಣಿಕೆಯೊಡನೆ ಬರುತ್ತಿದ್ದವು. ಐಆರ್‌ಕ್ಯೂ 3 ಎಂದರೆ ಎರಡನೆಯ ಸೀರಿಯಲ್ ಪೋರ್ಟಿನ, ಅಂದರೆ ಕಾಮ್ 2ರ ಪಾಲು. ಹೀಗಾಗಿ ಜಗಳ ಪೆಟ್ಟಿಗೆಯಿಂದಲೇ ಹುಟ್ಟಿಬರುತ್ತಿತ್ತು. 4 ಮೊದಲ ಸೀರಿಯಲ್ ಪೋರ್ಟಿಗೆ, 5 ಹೆಚ್ಚಾಗಿ ಸೌಂಡ್ ಕಾರ್ಡಿಗೆ, 6 ಫ್ಲಾಪಿಗೆ, 7 ಪ್ರಿಂಟರಿಗೆ ಮೀಸಲು. ಹದಿನಾರು ಬಿಟ್ ಯಂತ್ರದಲ್ಲಿ 10 ಅಥವಾ 11 ಆರಿಸಿಕೊಳ್ಳುವುದು ಕ್ಷೇಮ. ಬಯೋಸ್‌ನಲ್ಲಿ ಪ್ಲಗ್ ಅಂಡ್ ಪ್ಲೇ ಸೌಲಭ್ಯವಿದ್ದರೆ, ಆ ಸಂಖ್ಯೆಯನ್ನು ಹಳೆಯ ಐಎಸ್‌ಎ ಕಾರ್ಡಿಗೆ ಮೀಸಲೆಂದು ಅಲ್ಲಿಯೂ ಗುರುತಿಸಬೇಕು.

ವಿಳಾಸದಲ್ಲೂ ಒಂದು ಬಲೆಯಿದೆ. ಎನ್‌ಇ2000 ಕಾರ್ಡ್ ತಾನು ಹಿಡಿದ ವಿಳಾಸದಿಂದ ಮುಂದಕ್ಕೆ 32 ಮನೆಗಳನ್ನು ಆಕ್ರಮಿಸುತ್ತದೆ. ಈ ಸಂಖ್ಯೆಗಳು ಹದಿನಾರರ ಆಧಾರದವು. ಆದ್ದರಿಂದ ಕಾರ್ಡನ್ನು 320ಕ್ಕೆ ಇಟ್ಟರೆ ಅದು 33ಎಫ್‌ವರೆಗೂ ಚಾಚಿ, ಸೌಂಡ್ ಕಾರ್ಡಿನ ಮಿಡಿ ಭಾಗ ಕುಳಿತಿರುವ 330ರ ಮೇಲೆ ಕಾಲಿಡುತ್ತದೆ. ಮೇಲ್ನೋಟಕ್ಕೆ ಎರಡೂ ಬೇರೆ ಬೇರೆ ಸಂಖ್ಯೆಗಳು. ಜಗಳ ಕಣ್ಣಿಗೆ ಬೀಳುವುದೇ ಇಲ್ಲ.

ದೋಷ ವಿಳಾಸದಲ್ಲಿದೆಯೋ ಐಆರ್‌ಕ್ಯೂನಲ್ಲಿದೆಯೋ ತಿಳಿಯುವ ಉಪಾಯ ಸರಳ. ಡಾಸ್‌ನಲ್ಲಿ ಪ್ಯಾಕೆಟ್ ಡ್ರೈವರ್ ಚಲಾಯಿಸಿದಾಗ ಅದು ಕಾರ್ಡಿನ ಹುಟ್ಟುಸಂಖ್ಯೆಯನ್ನು, ಅಂದರೆ ಮ್ಯಾಕ್ ವಿಳಾಸವನ್ನು ಓದಿ ತೋರಿಸುತ್ತದೆ. ಕಾರ್ಡ್ ಸಿಗಲಿಲ್ಲವೆಂಬ ಸೂಚನೆ ಬಂದರೆ, ಅಥವಾ ವಿಳಾಸದ ಜಾಗದಲ್ಲಿ ಬರೀ ‘ಎಫ್’ಗಳ ಇಲ್ಲವೇ ಸೊನ್ನೆಗಳ ಸಾಲು ಕಂಡರೆ, ಡ್ರೈವರ್ ಖಾಲಿ ಮನೆಯ ಬಾಗಿಲು ತಟ್ಟುತ್ತಿದೆ ಎಂದು ತಿಳಿಯಬೇಕು. ಮ್ಯಾಕ್ ವಿಳಾಸ ಸರಿಯಾಗಿ ಬಂದು, ಮುಂದೆ ಡಿಎಚ್‌ಸಿಪಿಗೆ ಉತ್ತರವೇ ಬಾರದಿದ್ದರೆ ಮೊದಲ ಶಂಕೆ ಐಆರ್‌ಕ್ಯೂ ಮೇಲೆ. ಕಾರ್ಡ್ ಪ್ಯಾಕೆಟ್ಟನ್ನು ಸ್ವೀಕರಿಸಿರುತ್ತದೆ, ಆದರೆ ಅದರ ಕೂಗು ಪ್ರೊಸೆಸರಿನ ಕಿವಿಗೆ ಬಿದ್ದಿರುವುದಿಲ್ಲ.

ಜಂಪರ್ ಇಲ್ಲದ ಕಾರ್ಡುಗಳು ಹೊಂದಾಣಿಕೆಗಳನ್ನು ತಮ್ಮೊಳಗಿನ ಸಣ್ಣ ಸ್ಮರಣಕೋಶದಲ್ಲಿ ಬರೆದಿಟ್ಟುಕೊಂಡಿರುತ್ತವೆ. 3ಸಿ509ಬಿ ಕಾರ್ಡಿಗೆ 3ಸಿ5ಎಕ್ಸ್9ಸಿಎಫ್‌ಜಿ ಎಂಬ ಡಾಸ್ ತಂತ್ರಾಂಶವಿದೆ. ರಿಯಲ್‌ಟೆಕ್ 8019 ಚಿಪ್ಪಿನ ಕಾರ್ಡುಗಳಿಗೆ ಆರ್‌ಸೆಟ್8019 ಇದೆ. ಯಾವ ಡ್ರೈವರನ್ನೂ ಹೇರದ ಶುದ್ಧ ಡಾಸ್‌ನಲ್ಲಿ ಇವನ್ನು ಚಲಾಯಿಸಬೇಕು. ಡಾಸ್ ಬಳಕೆಯೇ ಗುರಿಯಾಗಿದ್ದರೆ ಪ್ಲಗ್ ಅಂಡ್ ಪ್ಲೇ ಆಯ್ಕೆಯನ್ನು ಅಲ್ಲಿಯೇ ಆರಿಸಿಬಿಡುವುದು ಲೇಸು. ಹೆಸರಿನಲ್ಲಿ ಸೌಕರ್ಯವಿದ್ದರೂ ಅದು ತಂದೊಡ್ಡಿದ ಕಿರಿಕಿರಿಯೇ ಹೆಚ್ಚು.

ತಂತಿಯ ಕಡೆ

ಹಿಂಬದಿಯಲ್ಲಿ ಎರಡು ಮೂರು ಬಗೆಯ ಕಿಂಡಿಗಳಿರುವ ಕಾರ್ಡುಗಳಲ್ಲಿ, ಯಾವ ಕಿಂಡಿಯನ್ನು ಬಳಸಬೇಕೆಂಬುದನ್ನೂ ಇದೇ ತಂತ್ರಾಂಶದಲ್ಲಿ ಹೇಳಬೇಕಾಗುತ್ತದೆ. ಹಿಂದಿನ ಒಡೆಯ ದುಂಡನೆಯ ಕೋಆಕ್ಸಿಯಲ್ ಕಿಂಡಿಗೆ ಹೊಂದಿಸಿಟ್ಟಿದ್ದರೆ, ಇಂದು ಆರ್‌ಜೆ-45 ತಂತಿ ಸಿಕ್ಕಿಸಿ ಎಷ್ಟು ಕಾದರೂ ಫಲವಿಲ್ಲ. ಕೆಲವು ಕಾರ್ಡುಗಳ ಸಂಪರ್ಕ ದೀಪ ಡ್ರೈವರ್ ಬಂದ ಮೇಲಷ್ಟೇ ಹೊತ್ತಿಕೊಳ್ಳುವುದರಿಂದ, ದೀಪ ಕಾಣಲಿಲ್ಲವೆಂದು ಕೂಡಲೇ ಕಾರ್ಡನ್ನು ಕಸಕ್ಕೆ ಹಾಕಬಾರದು.

ಇನ್ನೂ ಕೋಆಕ್ಸಿಯಲ್ ತಂತಿಯನ್ನೇ ಬಳಸುವವರು ಎರಡೂ ತುದಿಗಳಲ್ಲಿ 50 ಓಮ್‌ನ ಟರ್ಮಿನೇಟರ್ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಯಂತ್ರಗಳನ್ನು ಆರಿಸಿ, ಟಿ-ಕನೆಕ್ಟರಿನ ನಡುಗಡ್ಡಿ ಮತ್ತು ಹೊರಕವಚದ ನಡುವೆ ಮೀಟರ್ ಹಿಡಿದರೆ ಸುಮಾರು 25 ಓಮ್ ತೋರಬೇಕು. 50 ತೋರಿದರೆ ಒಂದು ತುದಿ ಬರಿದಾಗಿದೆ, ಇಲ್ಲವೇ ನಡುವೆ ತಂತಿ ತುಂಡಾಗಿದೆ. ಸೊನ್ನೆಯ ಹತ್ತಿರವಿದ್ದರೆ ಎಲ್ಲೋ ಷಾರ್ಟ್ ಆಗಿದೆ. ಈ ಲೇಖಕ ಒಂದಿಡೀ ಸಂಜೆ ಡ್ರೈವರ್ ಬದಲಿಸುತ್ತ ಕುಳಿತು, ಕೊನೆಗೆ ಮೇಜಿನ ಕೆಳಗೆ ಬಿದ್ದಿದ್ದ ಟರ್ಮಿನೇಟರನ್ನು ಕಂಡುಕೊಂಡದ್ದುಂಟು.

ಹೊಸ ಸ್ವಿಚ್ಚುಗಳಿಂದಲೂ ತೊಂದರೆ ಬರುತ್ತದೆ. ಹಳೆಯ ಕಾರ್ಡಿನ ವೇಗ ಸೆಕೆಂಡಿಗೆ 10 ಮೆಗಾಬಿಟ್; ಈಚಿನ ಅತಿವೇಗದ ಕಿಂಡಿಗಳಲ್ಲಿ ಹಲವು ಅಷ್ಟು ಕೆಳಗಿಳಿಯುವುದಿಲ್ಲ. ಅಗ್ಗದ 10/100 ಸ್ವಿಚ್ಚೊಂದನ್ನು ನಡುವೆ ಇಟ್ಟರೆ ಸಮಸ್ಯೆ ಬಗೆಹರಿಯುತ್ತದೆ. ಸಂಪರ್ಕ ಸಿಕ್ಕಿಯೂ ಕಡತ ಆಮೆಯಂತೆ ಸಾಗಿದರೆ, ಒಂದು ತುದಿ ಹಾಫ್ ಡ್ಯೂಪ್ಲೆಕ್ಸ್, ಇನ್ನೊಂದು ತುದಿ ಫುಲ್ ಡ್ಯೂಪ್ಲೆಕ್ಸ್ ಆಗಿರುವ ಸಾಧ್ಯತೆಯಿದೆ. ಸ್ವಿಚ್ಚಿನ ಆ ಕಿಂಡಿಯನ್ನು ತಾನಾಗಿ ಹೊಂದಿಕೊಳ್ಳುವ ಸ್ಥಿತಿಗೆ ಮರಳಿಸಬೇಕು.

ತಂತ್ರಾಂಶದ ಕಡೆ

ವಿಂಡೋಸ್ 95ರ ಮೊದಲ ಆವೃತ್ತಿ ಕಾರ್ಡನ್ನು ಗುರುತಿಸಿದರೂ ಟಿಸಿಪಿ/ಐಪಿಯನ್ನು ತಾನಾಗಿ ಸೇರಿಸುತ್ತಿರಲಿಲ್ಲ; ನೆಟ್‌ವರ್ಕ್ ವಿಭಾಗದಲ್ಲಿ ಅದನ್ನು ಕೈಯಾರೆ ಸೇರಿಸಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಕಂಡರೆ ಮೇಲೆ ಹೇಳಿದ ಜಗಳಗಳಲ್ಲೊಂದು ನಡೆದಿರಬಹುದು. ವಿಂಡೋಸ್ 98ರಲ್ಲಿ 169.254ರಿಂದ ಆರಂಭವಾಗುವ ಐಪಿ ವಿಳಾಸ ಬಂದರೆ ಡಿಎಚ್‌ಸಿಪಿ ಉತ್ತರ ತಲುಪಿಲ್ಲವೆಂದು ಅರ್ಥ. 127.0.0.1ಕ್ಕೆ ಪಿಂಗ್ ಮಾಡಿ ಉತ್ತರ ಬಂದಿತೆಂದು ಹಿಗ್ಗುವವರಿದ್ದಾರೆ. ಆ ಪರೀಕ್ಷೆ ಕಾರ್ಡನ್ನು ಮುಟ್ಟುವುದೇ ಇಲ್ಲ. ರೂಟರಿನ ವಿಳಾಸಕ್ಕೆ ಪಿಂಗ್ ಮಾಡಬೇಕು.

ಅದು ಯಶಸ್ವಿಯಾದ ಮೇಲೂ ಹಂಚಿಕೊಂಡ ಫೋಲ್ಡರ್ ಹೊಸ ಗಣಕದಲ್ಲಿ ಕಾಣದಿದ್ದರೆ ಕಾರ್ಡನ್ನು ದೂರಬೇಡಿ. 2017ರ ಕೊನೆಯ ಆವೃತ್ತಿಯಿಂದ ವಿಂಡೋಸ್ 10 ತನ್ನ ಹೊಸ ಸ್ಥಾಪನೆಗಳಲ್ಲಿ ಹಳೆಯ ಎಸ್‌ಎಂಬಿ 1 ವ್ಯವಸ್ಥೆಯನ್ನು ಕೈಬಿಟ್ಟಿದೆ. ಅದನ್ನು ಮತ್ತೆ ತೆರೆಯುವುದು ಭದ್ರತೆಯ ದೃಷ್ಟಿಯಿಂದ ಒಳ್ಳೆಯದಲ್ಲ. ಡಾಸ್ ಯಂತ್ರಕ್ಕೆ ಮೈಕೆಲ್ ಬ್ರುಟ್‌ಮನ್ ಅವರ ಎಂಟಿಸಿಪಿ ಎಂಬ ಉಚಿತ ತಂತ್ರಾಂಶಗಳ ಕಟ್ಟು ಸಿಗುತ್ತದೆ. ಅದರಲ್ಲಿ ಎಫ್‌ಟಿಪಿ ಸರ್ವರ್ ಕೂಡ ಇದೆ. ಮನೆಯೊಳಗಿನ ಜಾಲದಲ್ಲಷ್ಟೇ ಅದನ್ನು ಬಳಸಿ, ಹಳೆಯ ಯಂತ್ರವನ್ನು ಅಂತರಜಾಲಕ್ಕೆ ನೇರವಾಗಿ ಒಡ್ಡದಿರುವುದು ಅವಶ್ಯ.

ಕಡತ ಸಾಗಿಸುವಾಗ ಎಫ್‌ಟಿಪಿಯನ್ನು ಬೈನರಿ ವಿಧಾನದಲ್ಲಿ ಇಡಬೇಕು. ಪಠ್ಯ ವಿಧಾನದಲ್ಲಿ ಸಾಲಿನ ಕೊನೆಯ ಸಂಕೇತಗಳು ಬದಲಾಗಿ ಲೆಕ್ಕಪತ್ರದ ಕಡತಗಳು ಹಾಳಾಗಬಹುದು. 1990ರ ದಶಕದ ಕನ್ನಡ ಬರಹಗಳು ಯೂನಿಕೋಡ್‌ನಲ್ಲಿರದೆ ಆಯಾ ಫಾಂಟಿನ ಸಂಕೇತಗಳಲ್ಲಿರುವುದರಿಂದ, ಅವುಗಳ ಫಾಂಟ್ ಕಡತಗಳನ್ನೂ ಜೊತೆಗೇ ತೆಗೆದುಕೊಳ್ಳುವುದು ಜಾಣತನ. ಎರಡೂ ಕಡೆ ಬೈಟ್‌ಗಳ ಲೆಕ್ಕ ತಾಳೆಯಾದ ಮೇಲಷ್ಟೇ ಹಳೆಯ ಯಂತ್ರವನ್ನು ಆರಿಸಬೇಕು. ವರ್ಷಗಟ್ಟಲೆ ಸುಮ್ಮನಿದ್ದ ಡಿಸ್ಕ್ ಒಮ್ಮೆ ನಿಂತ ಬಳಿಕ ಮತ್ತೆ ತಿರುಗದೇ ಹೋದದ್ದುಂಟು.